ಸಾವಿನ ಸರ್ಟಿಫಿಕೇಟಿನಲ್ಲಿ ಸೆಕೆಯ ಹೆಸರು ಯಾಕೆ ಇರುವುದಿಲ್ಲ?

ಕಿಟಕಿ ಪಕ್ಕದವಳು:
ಕಳೆದ ಬೇಸಿಗೆಯಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ಇವತ್ತು ಬರೆದೇ ಬಿಡುತ್ತೇನೆ. ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬ ಅಜ್ಜಿ ಇದ್ದರು. ಒಬ್ಬರೇ. ಎಂಬತ್ತರ ಹತ್ತಿರ ವಯಸ್ಸು, ಬಿಪಿಗೆ ಒಂದು ಮಾತ್ರೆ, ಕಾಲು ಊತಕ್ಕೆ ಒಂದು ಮಾತ್ರೆ, ಅದು ಬಿಟ್ಟರೆ ಗಟ್ಟಿ ಜೀವ. ಐದು ದಿನ ಒಂದೇ ಸಮನೆ ಬಿಸಿಲು ಕಾಯಿತು. ರಾತ್ರಿಯೂ ಗೋಡೆ ಮುಟ್ಟಿದರೆ ಬಿಸಿ. ನಾಲ್ಕನೇ ದಿನ ಮೆಟ್ಟಿಲಲ್ಲಿ ಸಿಕ್ಕಿದ್ದರು, "ಯಾಕೋ ಊಟ ಸೇರುತ್ತಿಲ್ಲ ಮಗಳೇ" ಅಂದಿದ್ದರು, ನಾನು ಅವಸರದಲ್ಲಿದ್ದೆ. ಆರನೇ ದಿನ ಬಾಗಿಲು ತಟ್ಟಿದರೆ ಉತ್ತರ ಇಲ್ಲ. ಒಡೆದು ಒಳಗೆ ಹೋದಾಗ ಕಿಟಕಿ ಎಲ್ಲ ಮುಚ್ಚಿತ್ತು, ಫ್ಯಾನ್ ಮಾತ್ರ ತಿರುಗುತ್ತಲೇ ಇತ್ತು.

ಸರ್ಟಿಫಿಕೇಟಿನಲ್ಲಿ ಬರೆದದ್ದು ಹೃದಯ ಸ್ತಂಭನ. ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಎಲ್ಲರ ಹೃದಯವೂ ಕೊನೆಗೆ ನಿಲ್ಲುತ್ತದೆ ಅಲ್ವಾ, ಆ ವಾರವೇ ಯಾಕೆ ನಿಂತಿತು ಅಂತ ಬರೆಯಲು ಆ ಕಾಗದದಲ್ಲಿ ಜಾಗವೇ ಇಲ್ಲ. ಹವಾಮಾನ ಬದಲಾವಣೆ ಅಂದರೆ ಎಲ್ಲರೂ ಹಿಮಕರಡಿ, ಕರಗುವ ಮಂಜು ಅನ್ನುತ್ತಾರೆ. ನನಗೆ ಆ ಮುಚ್ಚಿದ ಕಿಟಕಿ ನೆನಪಾಗುತ್ತದೆ. ಇಂಥ ಸಾವನ್ನು ಯಾರಾದರೂ ಲೆಕ್ಕ ಇಡುತ್ತಾರಾ?

ರಾತ್ರಿಪಾಳಿ ನರ್ಸ್:
ಅಕ್ಕಾ, ಮೊದಲು ಒಂದು ಮಾತು. ನಾಲ್ಕನೇ ದಿನದ ಆ ಮೆಟ್ಟಿಲ ಮಾತನ್ನು ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ. ಊಟ ಸೇರದಿರುವುದು, ಸುಸ್ತು, ತಲೆ ಭಾರ, ಇದೆಲ್ಲ ಸೆಕೆಯಲ್ಲಿ ಎಲ್ಲರಿಗೂ ಆಗುತ್ತದೆ. ನಮಗೇ ಎಷ್ಟೋ ಸಲ ಗೊತ್ತಾಗುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ಮೈ ಬಿಸಿಯಾದಾಗ ದೇಹ ರಕ್ತವನ್ನು ಚರ್ಮದ ಕಡೆ ತಳ್ಳುತ್ತದೆ, ಬೆವರು ಹರಿಸುತ್ತದೆ. ಅದಕ್ಕೆ ಹೃದಯ ಜೋರಾಗಿ ದುಡಿಯಬೇಕು. ಬೆವರಿನಲ್ಲಿ ನೀರು, ಉಪ್ಪು ಹೋಗುತ್ತಾ ರಕ್ತದ ಪ್ರಮಾಣ ಇಳಿಯುತ್ತದೆ, ಆಗ ಹೃದಯಕ್ಕೆ ಇನ್ನೂ ಕಷ್ಟ. ವಯಸ್ಸಾದವರಲ್ಲಿ ಬೆವರು ಕಡಿಮೆ, ಬಾಯಾರಿಕೆಯೂ ಸರಿಯಾಗಿ ಗೊತ್ತಾಗುವುದಿಲ್ಲ. ಅಂದರೆ ಹೆಚ್ಚಿನವರು ಸಾಯುವುದು ಹೀಟ್ ಸ್ಟ್ರೋಕ್ ಆಗಿ ಅಲ್ಲ, ಮೊದಲೇ ಇದ್ದ ಹೃದಯ, ಶ್ವಾಸಕೋಶ, ಕಿಡ್ನಿ ತೊಂದರೆ ಸೆಕೆಯಲ್ಲಿ ಕೈಕೊಟ್ಟು. ಹೀಟ್ ಸ್ಟ್ರೋಕ್ ಅಂತ ಬರೆಯಬೇಕಾದರೆ ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿತ್ತು, ಬುದ್ಧಿ ಭ್ರಮೆ ಇತ್ತು ಅಂತ ಯಾರಾದರೂ ನೋಡಿರಬೇಕು. ಮುಚ್ಚಿದ ಬಾಗಿಲ ಹಿಂದೆ ಯಾರು ನೋಡುತ್ತಾರೆ? ಹಾಗಾಗಿ ಹೃದಯ ಅಂತ ಬರೆಯುತ್ತಾರೆ. ಬರೆದವರ ತಪ್ಪೂ ಅಲ್ಲ.

ಇನ್ನೊಂದು, ಆ ಕಾಲು ಊತದ ಮಾತ್ರೆ. ಅದು ಮೂತ್ರ ಜಾಸ್ತಿ ಹೋಗುವ ಹಾಗೆ ಮಾಡುವ ಮಾತ್ರೆ ಆಗಿರಬೇಕು. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ, ಈಗ ಪಾಳಿ ಶುರು.

ಲೆಕ್ಕದ ಮೇಷ್ಟ್ರು:
ಲೆಕ್ಕ ಇಡುತ್ತಾರೆ ತಾಯಿ, ಆದರೆ ಬೇರೆ ದಾರಿಯಲ್ಲಿ. ಒಬ್ಬೊಬ್ಬರ ಸರ್ಟಿಫಿಕೇಟ್ ಓದುವುದಿಲ್ಲ. ಹಿಂದಿನ ವರ್ಷಗಳಲ್ಲಿ ಇದೇ ವಾರ ಎಷ್ಟು ಜನ ಸತ್ತಿದ್ದರು, ಈ ವರ್ಷ ಎಷ್ಟು ಅಂತ ಹೋಲಿಸುತ್ತಾರೆ. ನಡುವಿನ ವ್ಯತ್ಯಾಸವೇ 'ಹೆಚ್ಚುವರಿ ಸಾವು'. 2003ರ ಬೇಸಿಗೆಯಲ್ಲಿ ಯುರೋಪಿನಲ್ಲಿ 70,000ಕ್ಕೂ ಹೆಚ್ಚು ಜನ ಸತ್ತರು ಅನ್ನುವುದು ಹೀಗೆ ಹೊರಬಂದ ಲೆಕ್ಕ. ಫ್ರಾನ್ಸ್ ಒಂದರಲ್ಲೇ ಸುಮಾರು 15,000. ಆ ಆಗಸ್ಟ್‌ನಲ್ಲಿ ಎಷ್ಟೋ ಮನೆಯವರು ರಜೆಗೆ ಹೋಗಿದ್ದರು, ಮುದುಕರು ಮಾತ್ರ ಮನೆಯಲ್ಲಿದ್ದರು.

ಎರಡು ಲೆಕ್ಕದ ನಡುವೆ ಎಷ್ಟು ಅಂತರ ಇರಬಹುದು ಗೊತ್ತಾ? 2017ರಲ್ಲಿ ಮರಿಯಾ ಚಂಡಮಾರುತ ಅಮೆರಿಕದ ಅಧೀನದಲ್ಲಿರುವ ಪೋರ್ಟೊ ರಿಕೊ ದ್ವೀಪಕ್ಕೆ ಬಡಿಯಿತು. ಸರ್ಕಾರ ತಿಂಗಳುಗಟ್ಟಲೆ ಹೇಳಿದ ಸಂಖ್ಯೆ 64. ಮರುವರ್ಷ ವಿಶ್ವವಿದ್ಯಾಲಯವೊಂದರ ಕೈಯಲ್ಲಿ ಲೆಕ್ಕ ಮಾಡಿಸಿದಾಗ ಬಂದದ್ದು 2,975. ಗಾಳಿಗೆ ಹಾರಿದ ತಗಡು ಬಡಿದು ಸತ್ತವರು ಮೊದಲ ಲೆಕ್ಕಕ್ಕೆ ಸಿಕ್ಕರು. ಕರೆಂಟ್ ಇಲ್ಲದೆ ಆಕ್ಸಿಜನ್ ಯಂತ್ರ ನಿಂತವರು, ಡಯಾಲಿಸಿಸ್ ತಪ್ಪಿದವರು, ರಸ್ತೆ ಕೊಚ್ಚಿಹೋಗಿ ಔಷಧ ಸಿಗದವರು ಸಿಗಲಿಲ್ಲ. ಅವರೂ ಚಂಡಮಾರುತಕ್ಕೇ ಸತ್ತವರು, ಸ್ವಲ್ಪ ನಿಧಾನವಾಗಿ ಅಷ್ಟೇ.

ಹಳೇ ಬೇರು:
ಎಲ್ಲದಕ್ಕೂ ಹವಾಮಾನ ಬದಲಾವಣೆ ಅನ್ನುವುದು ಈಗ ಒಂದು ಫ್ಯಾಷನ್ ಆಗಿದೆ. ನಾವು ಚಿಕ್ಕವರಿದ್ದಾಗ ಬಿಸಿಲು ಇರಲಿಲ್ಲವಾ? ವಯಸ್ಸಾದವರು ಸಾಯುತ್ತಾರೆ, ಅದು ಲೋಕದ ನಿಯಮ. ಮತ್ತೆ ಮೇಷ್ಟ್ರೇ, ಲೆಕ್ಕ ಅಂದಮೇಲೆ ಪೂರ್ತಿ ಲೆಕ್ಕ ಹೇಳಿ. ಸೆಕೆಗಿಂತ ಚಳಿಗೆ ಸಾಯುವವರು ಜಾಸ್ತಿ ಅಂತ ನಾನೂ ಓದಿದ್ದೇನೆ. ಭೂಮಿ ಬಿಸಿಯಾದರೆ ಆ ಸಾವು ಕಡಿಮೆಯಾಗುತ್ತದೆ ತಾನೇ?

ಲೆಕ್ಕದ ಮೇಷ್ಟ್ರು:
ಸರ್, ನೀವು ಓದಿದ್ದು ಸರಿ. 2000ದಿಂದ 2019ರವರೆಗಿನ ಅಂಕಿ ತೆಗೆದುಕೊಂಡು ಮಾಡಿದ ಒಂದು ದೊಡ್ಡ ಅಧ್ಯಯನ 2021ರಲ್ಲಿ ಬಂತು. ಅದರ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 46 ಲಕ್ಷ ಸಾವು ಚಳಿಯ ಪಾಲು, 4.9 ಲಕ್ಷದ ಹತ್ತಿರ ಸೆಕೆಯ ಪಾಲು. ಮುಚ್ಚಿಡುವಂಥದ್ದು ಏನೂ ಇಲ್ಲ.

ಆದರೆ ಚಳಿಯ ಲೆಕ್ಕದ ದೊಡ್ಡ ಭಾಗ ಹೆಪ್ಪುಗಟ್ಟುವ ಚಳಿಯದ್ದಲ್ಲ, ತಿಂಗಳುಗಟ್ಟಲೆ ಇರುವ ಸಾಧಾರಣ ಚಳಿಯದ್ದು. ಫ್ಲೂ, ಎದೆಕಟ್ಟು, ಬೆಚ್ಚಗಿಲ್ಲದ ಮನೆ. ಸೆಕೆ ಹಾಗಲ್ಲ, ಒಂದೇ ವಾರದಲ್ಲಿ ಒಟ್ಟಿಗೆ ಬಂದು ಹೊಡೆಯುತ್ತದೆ, ಆಸ್ಪತ್ರೆಯೂ ಶವಾಗಾರವೂ ಒಂದೇ ಸಲ ತುಂಬುತ್ತವೆ. 1995ರ ಜುಲೈನಲ್ಲಿ ಷಿಕಾಗೋದಲ್ಲಿ ಐದು ದಿನದ ಬೇಗೆಗೆ 700ಕ್ಕೂ ಹೆಚ್ಚು ಜನ ಸತ್ತಾಗ ಹೆಣ ಇಡಲು ಶೀತಲ ಲಾರಿಗಳನ್ನು ತರಿಸಬೇಕಾಯಿತು. ಇನ್ನೊಂದು ಮಾತು. ಚಳಿಗಾಲ ಮೆತ್ತಗಾಗಿ ಲಾಭ ಆಗುವುದು ಒಂದು ಕಡೆ, ಬೇಸಿಗೆ ಸುಟ್ಟು ನಷ್ಟ ಆಗುವುದು ಇನ್ನೊಂದು ಕಡೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ 'ಒಟ್ಟಾರೆ ಪರವಾಗಿಲ್ಲ' ಅಂದರೆ ಸತ್ತವನಿಗೆ ಏನು ಸಮಾಧಾನ?

'ಮೊದಲೂ ಬಿಸಿಲಿತ್ತು' ಅನ್ನುವುದಕ್ಕೂ ಉತ್ತರ ಇದೆ. 43 ದೇಶಗಳಲ್ಲಿ 1991ರಿಂದ 2018ರವರೆಗಿನ ಬೇಸಿಗೆ ಸಾವುಗಳನ್ನು ನೋಡಿದ ಅಧ್ಯಯನ ಒಂದಿದೆ. ಸೆಕೆಯಿಂದಾದ ಸಾವುಗಳಲ್ಲಿ ಸುಮಾರು 37 ಶೇಕಡಾ ಮನುಷ್ಯ ತಂದ ತಾಪಮಾನ ಏರಿಕೆಯ ಪಾಲು ಅಂತ ಅದು ಹೇಳಿತು. ಉಳಿದ 63 ನಿಮ್ಮ ಹಳೇ ಬಿಸಿಲಿನದ್ದೇ, ಒಪ್ಪಿದೆ.

ಹಳೇ ಬೇರು:
37 ಅಂತ ಕರಾರುವಾಕ್ಕಾಗಿ ಹೇಳುವವರನ್ನು ಕಂಡರೆ ನನಗೆ ಮೊದಲೇ ಅನುಮಾನ. ಇರಲಿ.

ಸೈಟ್ ಮೇಸ್ತ್ರಿ:
ಮುದುಕರ ಬಗ್ಗೆಯೇ ಮಾತಾಡುತ್ತಿದ್ದೀರಿ. ನಮ್ಮ ಕಡೆಯೂ ಸ್ವಲ್ಪ ನೋಡಿ. ನಾನು ಹದಿನೆಂಟು ವರ್ಷದಿಂದ ಕಟ್ಟಡದ ಕೆಲಸದಲ್ಲಿದ್ದೇನೆ. ಮೊದಲು ಮಧ್ಯಾಹ್ನ ಮಾತ್ರ ಕಷ್ಟ ಆಗುತ್ತಿತ್ತು, ಈಗ ಬೆಳಿಗ್ಗೆ ಒಂಬತ್ತಕ್ಕೇ ಕಬ್ಬಿಣದ ಸರಳು ಮುಟ್ಟಲು ಆಗುವುದಿಲ್ಲ. ಕಳೆದ ವರ್ಷ ನನ್ನ ತಂಡದ ಹುಡುಗ, ಇಪ್ಪತ್ತಮೂರು ವಯಸ್ಸು, ಕಲ್ಲಿನಂಥ ಮೈಕಟ್ಟು, ಮೂರನೇ ಮಹಡಿಯಲ್ಲಿ ಕೆಲಸ ಮಾಡುತ್ತಾ ಸುಮ್ನೆ ಏನೇನೋ ಮಾತಾಡಲು ಶುರು ಮಾಡಿದ. ಕುಡಿದಿದ್ದಾನೆ ಅಂತ ಕಂಟ್ರಾಕ್ಟರ್ ಬೈದ. ಹತ್ತು ನಿಮಿಷಕ್ಕೆ ಬವಳಿ ಬಂದು ಬಿದ್ದ. ಮೈ ಮುಟ್ಟಿದರೆ ಕಾದ ಹೆಂಚು. ಒಳಗೆ ಬಿದ್ದದ್ದಕ್ಕೆ ಬದುಕಿದ, ಹೊರಗಡೆ ಬಿದ್ದಿದ್ದರೆ 'ಎತ್ತರದಿಂದ ಬಿದ್ದು ಸಾವು' ಅಂತ ಬರೆಯುತ್ತಿದ್ದರು. ಅಕ್ಕ ಕೇಳಿದ ಪ್ರಶ್ನೆಗೆ ಇದೂ ಒಂದು ಉತ್ತರ ನೋಡಿ.

ನೀರು ಕುಡಿಯಿರಿ ಅನ್ನುತ್ತಾರೆ. ಸರಿ. ನೀರು ಕುಡಿದರೆ ಮೂತ್ರಕ್ಕೆ ಹೋಗಬೇಕು. ನಮ್ಮ ಹೆಂಗಸರು ಬೇಕಂತಲೇ ನೀರು ಕುಡಿಯುವುದಿಲ್ಲ, ಯಾಕಂದರೆ ಸೈಟಿನಲ್ಲಿ ಅವರಿಗೆ ಜಾಗ ಇರುವುದಿಲ್ಲ. ದಿನಗೂಲಿ ಅಲ್ಲದೆ ಕೆಲಸದ ಅಳತೆ ಮೇಲೆ ಕೂಲಿ ಇದ್ದರಂತೂ ನೆರಳಿಗೆ ಕೂತ ಒಂದೊಂದು ನಿಮಿಷಕ್ಕೂ ಕಾಸು ಹೋಗುತ್ತದೆ.

ಅರ್ಧ ಡಾಕ್ಟರ್:
ಅಣ್ಣಾ, ನೀವು ಹೇಳಿದ ಆ 'ಏನೇನೋ ಮಾತಾಡುವುದು' ಅತೀ ಮುಖ್ಯ. ಬಿಸಿಲಲ್ಲಿ ದುಡಿಯುವವನ ಮಾತು ತೊದಲಿದರೆ, ದಾರಿ ತಪ್ಪಿದವರ ಹಾಗೆ ನಡೆದರೆ, ಅದನ್ನು ಹೀಟ್ ಸ್ಟ್ರೋಕ್ ಅಂತಲೇ ತಿಳಿದು ಆ ಕ್ಷಣ ಮೈ ತಣ್ಣಗೆ ಮಾಡಬೇಕು. ಬೆವರು ನಿಂತರೆ ಮಾತ್ರ ಹೀಟ್ ಸ್ಟ್ರೋಕ್ ಅಂತ ಎಷ್ಟೋ ಜನ ತಿಳಿದಿದ್ದಾರೆ, ದುಡಿಯುತ್ತಿರುವವರಲ್ಲಿ ಬೆವರು ಸುರಿಯುತ್ತಲೇ ಇರಬಹುದು. ನಮಗೆ ಕಲಿಸಿದ್ದು ಮೊದಲು ತಣಿಸು, ಆಮೇಲೆ ಸಾಗಿಸು ಅಂತ. ಡ್ರಮ್ಮಿನಲ್ಲಿ ತಣ್ಣೀರಿದ್ದರೆ ತಲೆ ನೀರಿನಿಂದ ಮೇಲಿರುವ ಹಾಗೆ ಹಿಡಿದು ಕತ್ತಿನವರೆಗೆ ಕೂರಿಸಿ, ಇಲ್ಲವಾದರೆ ಬಟ್ಟೆ ಸಡಿಲಿಸಿ ನೀರು ಸುರಿಯುತ್ತಾ ಗಾಳಿ ಬೀಸಿ. ಆಂಬುಲೆನ್ಸ್‌ಗೆ ಫೋನ್ ಮಾಡಿ, ಆದರೆ ಅದು ಬರುವವರೆಗೆ ಕಾಯಬೇಡಿ. ಜ್ಞಾನ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ.

ಇನ್ನೊಂದು ವಿಷಯ ಕಿಡ್ನಿಯದ್ದು. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್, ನಿಕರಾಗುವಾ ಕಡೆ ಕಬ್ಬು ಕಡಿಯುವ ಕೆಲಸದವರಲ್ಲಿ, ಸಕ್ಕರೆ ಕಾಯಿಲೆಯೂ ಬಿಪಿಯೂ ಇಲ್ಲದ ಯುವಕರಲ್ಲಿ, ಕಿಡ್ನಿ ಹಾಳಾಗುವುದನ್ನು ಡಾಕ್ಟರುಗಳು ವರ್ಷಗಳಿಂದ ನೋಡುತ್ತಿದ್ದಾರೆ. ಕೀಟನಾಶಕದ ಪಾತ್ರದ ಬಗ್ಗೆ ವಾದ ಇನ್ನೂ ನಡೆಯುತ್ತಿದೆ. ಆದರೆ ದಿನದಿನವೂ ಬಿಸಿಲಲ್ಲಿ ಮೈಮುರಿದು ದುಡಿದು ನೀರಿನಂಶ ಬತ್ತುವುದು ದೊಡ್ಡ ಕಾರಣ ಅನ್ನುವುದಕ್ಕೆ ಪುರಾವೆ ಗಟ್ಟಿಯಾಗುತ್ತಾ ಬಂದಿದೆ. ಅಲ್ಲಿ ನೀರು, ನೆರಳು, ವಿಶ್ರಾಂತಿ ಅಂತ ಕೆಲಸದ ಪದ್ಧತಿಯನ್ನೇ ಬದಲಿಸಿದ ಕಡೆ ಕಿಡ್ನಿಗೆ ಪೆಟ್ಟು ಕಡಿಮೆಯಾಗಿದೆ. ಅಂದರೆ ಒಂದೇ ದಿನ ಬಿದ್ದು ಸಾಯುವವನ ಜೊತೆಗೆ ಹತ್ತು ವರ್ಷ ಬಿಟ್ಟು ಡಯಾಲಿಸಿಸ್‌ಗೆ ಬರುವವನೂ ಇದ್ದಾನೆ. ಅವನ ಕಾಗದದಲ್ಲಿ ಬಿಸಿಲಿನ ಹೆಸರು ಬರುವ ಮಾತೇ ಇಲ್ಲ.

ಲೆಕ್ಕದ ಮೇಷ್ಟ್ರು:
ಮೇಸ್ತ್ರಿಗಳ ಮಾತಿಗೆ ಒಂದು ಅಂಕಿ ಸೇರಿಸುತ್ತೇನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರಲ್ಲಿ ಕೊಟ್ಟ ಅಂದಾಜು: ವಿಪರೀತ ಸೆಕೆಗೆ ಮೈಯೊಡ್ಡುವ ಕಾರ್ಮಿಕರು 240 ಕೋಟಿಗೂ ಹೆಚ್ಚು, ಅಂದರೆ ಜಗತ್ತಿನಲ್ಲಿ ದುಡಿಯುವ ಹತ್ತು ಜನರಲ್ಲಿ ಏಳು ಜನ. ವರ್ಷಕ್ಕೆ ಸಾವು 18,970. ಎರಡನೇ ಅಂಕಿ ಯಾಕೆ ಇಷ್ಟು ಚಿಕ್ಕದು ಅಂತ ನನಗೆ ಮೊದಲು ಅನಿಸಿತ್ತು. ಮೇಲಿನ ಎರಡು ಪೋಸ್ಟ್ ಓದಿದ ಮೇಲೆ ಗೊತ್ತಾಯಿತು.

ಕಿಟಕಿ ಪಕ್ಕದವಳು:
ಎಲ್ಲರಿಗೂ ಥ್ಯಾಂಕ್ಸ್. ನರ್ಸ್ ಮೇಡಂ, ಆ ಫ್ಯಾನ್ ವಿಷಯ ನನ್ನನ್ನು ಬಿಡುತ್ತಿಲ್ಲ. ಫ್ಯಾನ್ ಇತ್ತಲ್ಲ, ಆದರೂ ಯಾಕೆ?

ರಾತ್ರಿಪಾಳಿ ನರ್ಸ್:
ಪಾಳಿ ಮುಗಿಯಿತು, ಈಗ ನಿಧಾನವಾಗಿ ಬರೆಯುತ್ತೇನೆ.

ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಬೆವರನ್ನು ಆರಿಸುತ್ತದೆ ಅಷ್ಟೇ. ಕೋಣೆ 33, 34 ಇದ್ದು ಮೈಯಲ್ಲಿ ಬೆವರಿದ್ದರೆ ಒಳ್ಳೆಯದೇ. ಕೋಣೆಯೇ 40 ದಾಟಿದ ಮೇಲೆ ಅದು ಬಿಸಿಗಾಳಿಯನ್ನು ಮೈಮೇಲೆ ಊದುತ್ತದೆ, ಇನ್ನಷ್ಟು ಬಿಸಿ ಮಾಡುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯೂ ಇದೇ ಎಚ್ಚರಿಕೆ ಕೊಡುತ್ತದೆ. ಬೆವರೇ ಸರಿಯಾಗಿ ಬಾರದ ವಯಸ್ಸಾದವರಿಗೆ ಅದಕ್ಕಿಂತ ಕೆಳಗೂ ಪ್ರಯೋಜನ ಕಡಿಮೆ. ಹಾಗಾಗಿ ಫ್ಯಾನ್ ಜೊತೆ ಮೈ ಒದ್ದೆ ಮಾಡಿಕೊಳ್ಳಬೇಕು. ಒದ್ದೆ ಬಟ್ಟೆ ಕತ್ತಿಗೆ, ಕೈಗೆ. ಕಾಲು ಬಕೆಟ್ ನೀರಿನಲ್ಲಿ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2021ರ ಜೂನ್ ಕೊನೆಯಲ್ಲಿ ಏನಾಯಿತು ಅಂತ ಓದಿದರೆ ನಿಮ್ಮ ಅಜ್ಜಿಯ ಕಥೆಯೇ ಅನಿಸುತ್ತದೆ. ಲಿಟ್ಟನ್ ಅನ್ನುವ ಊರಲ್ಲಿ 49.6 ಡಿಗ್ರಿ. ಆ ಒಂದು ವಾರದಲ್ಲಿ ಪ್ರಾಂತ್ಯದಲ್ಲಿ ಸೆಕೆಗೆ ಸತ್ತವರು 619. ಅವರಲ್ಲಿ 98 ಶೇಕಡಾ ಸತ್ತಿದ್ದು ಮನೆಯೊಳಗೆ. ಬಿಸಿಲಲ್ಲಿ ಅಲ್ಲ! ಮೂರರಲ್ಲಿ ಎರಡು ಪಾಲು ಎಪ್ಪತ್ತು ದಾಟಿದವರು, ಅರ್ಧಕ್ಕಿಂತ ಹೆಚ್ಚು ಜನ ಒಬ್ಬರೇ ವಾಸ ಇದ್ದವರು. ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇದ್ದವರಿಗೆ ಉಳಿದವರಿಗಿಂತ ತುಂಬಾ ಜಾಸ್ತಿ ಅಪಾಯ ಇತ್ತು ಅನ್ನುವುದೂ ಆಮೇಲೆ ಗೊತ್ತಾಯಿತು. ಅವರ ಕೆಲವು ಮಾತ್ರೆಗಳು ಬೆವರನ್ನೂ ಬಾಯಾರಿಕೆಯನ್ನೂ ತಗ್ಗಿಸುತ್ತವೆ. ಜೊತೆಗೆ ಬಡತನ, ಒಂಟಿತನ, 'ಸೆಕೆ ಆಗುತ್ತಿದೆ' ಅಂತ ಹೇಳಿಕೊಳ್ಳಲು ಯಾರೂ ಇಲ್ಲದಿರುವುದು.

ಮಾತ್ರೆ ವಿಷಯ. ಮೂತ್ರ ಹೆಚ್ಚಿಸುವ ಮಾತ್ರೆ, ಕೆಲವು ಬಿಪಿ ಮಾತ್ರೆ, ಲಿಥಿಯಂ ಥರದ ಮಾನಸಿಕ ಕಾಯಿಲೆಯ ಕೆಲವು ಮಾತ್ರೆ, ಇವುಗಳ ಮೇಲೆ ಬೇಸಿಗೆಯಲ್ಲಿ ಕಣ್ಣಿಡಬೇಕು. ದಯವಿಟ್ಟು ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ, ಅದರಿಂದ ಇನ್ನೂ ದೊಡ್ಡ ಅನಾಹುತ. ಬೇಸಿಗೆಗೆ ಮೊದಲು ಡಾಕ್ಟರ ಹತ್ತಿರ 'ಸೆಕೆ ಜಾಸ್ತಿ ಆದಾಗ ಡೋಸ್ ಬದಲಿಸಬೇಕಾ, ನೀರು ಎಷ್ಟು ಕುಡಿಯಬಹುದು' ಅಂತ ಕೇಳಿ. ಹೃದಯದ ತೊಂದರೆ ಇದ್ದವರಿಗೆ ನೀರಿನ ಮಿತಿ ಹೇಳಿರುತ್ತಾರೆ, ಅವರಿಗೆ 'ಚೆನ್ನಾಗಿ ನೀರು ಕುಡಿಯಿರಿ' ಅನ್ನುವ ಸಾಮಾನ್ಯ ಬುದ್ಧಿವಾದವೇ ತಿರುಗಿ ಬೀಳಬಹುದು. ಕೋಣೆಯಲ್ಲಿ ತೂಗುಹಾಕುವ ಥರ್ಮಾಮೀಟರ್ ಒಂದು ತಂದಿಡಿ. ಒಳಗೆ 26ರ ಒಳಗಿದ್ದರೆ ನಿಶ್ಚಿಂತೆ, 31ರ ಮೇಲೆ ಹೋಗಿ ಅಲ್ಲೇ ನಿಂತರೆ ವಯಸ್ಸಾದವರಿಗೆ, ಕಾಯಿಲೆಯವರಿಗೆ ಅಪಾಯ ಅಂತ ಬ್ರಿಟಿಷ್ ಕೊಲಂಬಿಯಾದ ಆರೋಗ್ಯ ಇಲಾಖೆ ಆಮೇಲೆ ಹೇಳಿತು.

ಸುಮ್ನೆ ಓದುವವಳು:
ನಾನು ಬಸುರಿ, ಏಳನೇ ತಿಂಗಳು. ಇದನ್ನೆಲ್ಲ ಓದಿ ಎದೆ ಡವಗುಟ್ಟುತ್ತಿದೆ. ಬಸುರಿಯರಿಗೂ ಏನಾದರೂ ಇದೆಯಾ?

ರಾತ್ರಿಪಾಳಿ ನರ್ಸ್:
ಹೆದರಬೇಡಮ್ಮ. ಇದೆ, ಆದರೆ ಗೊತ್ತಿದ್ದರೆ ಸಂಭಾಳಿಸಬಹುದು. ಸೆಕೆ ಜಾಸ್ತಿ ಇರುವ ದಿನಗಳಲ್ಲಿ ಅವಧಿಗೆ ಮುಂಚೆ ಹೆರಿಗೆ ಆಗುವುದು ಹೆಚ್ಚು ಅನ್ನುವುದು ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಹೊಟ್ಟೆಯಲ್ಲಿ ಬಿಗಿತ ಬಂದು ಬಂದು ಹೋಗುತ್ತಿದ್ದರೆ, ಮಗುವಿನ ಓಡಾಟ ಕಡಿಮೆ ಅನಿಸಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗು. ಭಾರದ ಕೆಲಸ ಮಧ್ಯಾಹ್ನ ಬೇಡ. ಮಗು ಬಂದ ಮೇಲೆ ತಳ್ಳುಗಾಡಿಯಲ್ಲಿ ಮಲಗಿಸಿ ಬಿಸಿಲು ಬೀಳದಿರಲಿ ಅಂತ ಮೇಲೆ ಒಣಬಟ್ಟೆ ಮುಚ್ಚಬೇಡ, ಒಳಗೆ ಗಾಳಿಯಾಡದೆ ಹೊರಗಿಗಿಂತ ಬಿಸಿಯಾಗುತ್ತದೆ.

ತೇಲುವ ದೋಣಿ:
ಸೆಕೆ ಒಂದೇ ಅಲ್ಲವಲ್ಲ. ನಾನು ನೆರೆ ಪರಿಹಾರದ ಕೆಲಸಕ್ಕೆ ಹೋಗುತ್ತಿರುತ್ತೇನೆ. ನೀರು ಏರಿದ ದಿನ ಎಲ್ಲ ಕ್ಯಾಮೆರಾ ಅಲ್ಲಿರುತ್ತವೆ. ನೀರು ಇಳಿದ ಮೇಲೆ ಯಾರೂ ಇರುವುದಿಲ್ಲ, ಕಾಯಿಲೆ ಶುರುವಾಗುವುದೇ ಆಗ. ಪಾಕಿಸ್ತಾನದಲ್ಲಿ 2022ರಲ್ಲಿ 3.3 ಕೋಟಿ ಜನರಿಗೆ ನೆರೆ ತಟ್ಟಿತು, ಸತ್ತವರು 1,700ಕ್ಕೂ ಹೆಚ್ಚು ಅಂತ ಎಲ್ಲ ಕಡೆ ಬಂತು. ಅದೇ ವರ್ಷ ಅಲ್ಲಿ ಮಲೇರಿಯಾ ಸುಮಾರು ಐದು ಪಟ್ಟು ಏರಿತು, 5 ಲಕ್ಷದಿಂದ 26 ಲಕ್ಷಕ್ಕೆ. ಇದು ಎಷ್ಟು ಜನರಿಗೆ ಗೊತ್ತು? ಆಫ್ರಿಕಾದ ಮಲಾವಿಯಲ್ಲಿ 2022ರಲ್ಲಿ ಚಂಡಮಾರುತಗಳು ನೀರು, ಕಕ್ಕಸು ಎಲ್ಲ ಕಲೆಸಿಹಾಕಿದ ಮೇಲೆ ಆ ದೇಶದ ಇತಿಹಾಸದಲ್ಲೇ ದೊಡ್ಡ ಕಾಲರಾ ಹಬ್ಬಿತು, 1,700ಕ್ಕೂ ಹೆಚ್ಚು ಜನ ಹೋದರು.

ಹೆಂಗಸರ ಮಾತೂ ಹೇಳಬೇಕು. 1991ರಲ್ಲಿ ಬಾಂಗ್ಲಾದೇಶದ ಚಂಡಮಾರುತದಲ್ಲಿ ಸುಮಾರು 1.4 ಲಕ್ಷ ಜನ ಸತ್ತರು. ಇಪ್ಪತ್ತರಿಂದ ನಲವತ್ತನಾಲ್ಕು ವಯಸ್ಸಿನವರಲ್ಲಿ ಗಂಡಸರಿಗಿಂತ ಹೆಂಗಸರ ಸಾವಿನ ಪ್ರಮಾಣ ನಾಲ್ಕು ಪಟ್ಟಿಗೂ ಹೆಚ್ಚು. ಎಚ್ಚರಿಕೆ ತಲುಪಿದ್ದು ಹೊರಗೆ ಓಡಾಡುವ ಗಂಡಸರಿಗೆ, ಈಜು ಬರುತ್ತಿದ್ದದ್ದೂ ಅವರಿಗೇ, ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಗಂಡನಿಗಾಗಿ ಮನೆಯಲ್ಲಿ ಕಾದರು. ಒಳ್ಳೆಯ ಸುದ್ದಿಯೂ ಅಲ್ಲಿಂದಲೇ. 2020ರಲ್ಲಿ ಅಂಫಾನ್ ಚಂಡಮಾರುತ ಬಂದಾಗ ಅದೇ ದೇಶ 20 ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಸಾಗಿಸಿತ್ತು, ಅಲ್ಲಿ ಸತ್ತವರ ಸಂಖ್ಯೆ ಹತ್ತುಗಳಲ್ಲಿ ನಿಂತಿತು. ಈ ಸಲ ಗಾಳಿ ಅಷ್ಟು ಜೋರಿರಲಿಲ್ಲ ನಿಜ, ಆದರೆ ಅದೊಂದೇ ಕಾರಣ ಅಲ್ಲ. ಊರೂರಿಗೆ ಸೈಕಲ್ಲಿನಲ್ಲಿ ಹೋಗಿ ಮೈಕ್ ಹಿಡಿದು ಕೂಗುವ ಸ್ವಯಂಸೇವಕರಿದ್ದರು, ಕಾಂಕ್ರೀಟ್ ಆಶ್ರಯಮನೆ ಇತ್ತು.

ಅರ್ಧ ಡಾಕ್ಟರ್:
ಸೊಳ್ಳೆ ವಿಷಯಕ್ಕೆ ಒಂದು ತಿದ್ದುಪಡಿ, ಯಾಕಂದರೆ 'ಬಿಸಿ ಏರಿದಷ್ಟೂ ಸೊಳ್ಳೆ ರೋಗ ಏರುತ್ತದೆ' ಅಂತ ಎಲ್ಲರೂ ಸಲೀಸಾಗಿ ಹೇಳಿಬಿಡುತ್ತಾರೆ. ಹಾಗಿಲ್ಲ. ಮಲೇರಿಯಾ ಹರಡಲು ಹೇಳಿ ಮಾಡಿಸಿದ ಬಿಸಿ ಸುಮಾರು 25 ಡಿಗ್ರಿ, ಡೆಂಗಿಗೆ ಸುಮಾರು 29. ಅದರ ಮೇಲೆ ಹೋದಷ್ಟೂ ಸೊಳ್ಳೆಯ ಆಯಸ್ಸು ಕಡಿಮೆಯಾಗಿ ಹರಡುವುದು ಇಳಿಯುತ್ತದೆ. ಹಾಗಾಗಿ ಎಲ್ಲ ಕಡೆ ಏರುವುದಿಲ್ಲ, ಜಾಗ ಬದಲಿಸುತ್ತದೆ. ಮೊದಲು ತಂಪಾಗಿದ್ದ ಬೆಟ್ಟದ ಊರು, ಉತ್ತರದ ದೇಶಗಳ ಕಡೆ ಸರಿಯುತ್ತದೆ. ಫ್ರಾನ್ಸ್, ಇಟಲಿಯಲ್ಲಿ ಎಲ್ಲೂ ಪ್ರವಾಸ ಹೋಗದವರಿಗೇ ಡೆಂಗಿ ಬರುತ್ತಿದೆ. 2024ರಲ್ಲಿ ಜಗತ್ತಿನಲ್ಲಿ ವರದಿಯಾದ ಡೆಂಗಿ 1.4 ಕೋಟಿ ದಾಟಿತು. ಅದಕ್ಕೆ ಬೆಳೆಯುವ ನಗರ, ತುಂಬಿಟ್ಟ ನೀರು, ವಿಮಾನ ಪ್ರಯಾಣ ಎಲ್ಲವೂ ಕಾರಣ, ಬಿಸಿ ಒಂದೇ ಅಲ್ಲ. ಹೊಸ ಜಾಗದ ಜನರ ಮೈಯಲ್ಲಿ ಆ ರೋಗ ತಡೆಯುವ ಶಕ್ತಿ ಇರುವುದಿಲ್ಲ, ಅಲ್ಲಿನ ಡಾಕ್ಟರೂ ಅದನ್ನು ನೋಡಿರುವುದಿಲ್ಲ. ತೊಂದರೆ ಅದು.

ಹಳೇ ಬೇರು:
ಈ ಹುಡುಗನ ಪೋಸ್ಟ್ ಇಷ್ಟವಾಯಿತು. ಉಳಿದವರು ಹೀಗೆ ಎರಡೂ ಕಡೆ ಹೇಳಿದ್ದರೆ ನಾನು ಜಗಳಕ್ಕೇ ಬರುತ್ತಿರಲಿಲ್ಲ.

ಆದರೆ ನನ್ನ ಪ್ರಶ್ನೆ ಇನ್ನೂ ಹಾಗೇ ಇದೆ. ಎಸಿ ಹಾಕಿಕೊಂಡರೆ ಮುಗಿಯಿತಲ್ಲ? ಮುಂದಿನ ದಿನಗಳಲ್ಲಿ ಎಲ್ಲರ ಮನೆಗೂ ಬರುತ್ತದೆ.

ಸೈಟ್ ಮೇಸ್ತ್ರಿ:
ಯಜಮಾನರೇ, ತಗಡಿನ ಶೀಟಿನ ಕೆಳಗೆ ಮಲಗುವವನಿಗೆ ಎಸಿ? ಆ ಎಸಿಯ ಬಿಸಿಗಾಳಿ ಹೊರಗೆ ಬಂದು ಬೀಳುವುದೂ ನಮ್ಮ ಮೇಲೇ.

ಲೆಕ್ಕದ ಮೇಷ್ಟ್ರು:
ಎಸಿ ಜೀವ ಉಳಿಸುತ್ತದೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಯಾರಿಗೆ ಸಿಗುತ್ತದೆ ಅನ್ನುವುದೇ ಪ್ರಶ್ನೆ. 2024ರ ಹಜ್ ಯಾತ್ರೆಯಲ್ಲಿ ಮೆಕ್ಕಾದಲ್ಲಿ 51.8 ಡಿಗ್ರಿ ಇತ್ತು. ಸತ್ತವರು 1,301. ಅವರಲ್ಲಿ 83 ಶೇಕಡಾ ಪರವಾನಗಿ ಇಲ್ಲದೆ ಬಂದವರು ಅಂತ ಸೌದಿ ಸರ್ಕಾರವೇ ಹೇಳಿತು. ತಂಪು ಬಸ್ಸು, ತಂಪು ಡೇರೆ ಎಲ್ಲ ಇದ್ದವು, ಪರವಾನಗಿ ಇದ್ದವರಿಗೆ. ಒಂದೇ ಊರು, ಒಂದೇ ಸೂರ್ಯ, ಕೈಯಲ್ಲಿ ಒಂದು ಚೀಟಿ ಇರುವುದು ಇಲ್ಲದಿರುವುದು ಅಷ್ಟೇ ವ್ಯತ್ಯಾಸ.

ಕಡಿಮೆ ಖರ್ಚಿನ ದಾರಿಯೂ ಇದೆ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬೇಗೆಯಲ್ಲಿ 1,344 ಹೆಚ್ಚುವರಿ ಸಾವು ಆದವು. 2013ಕ್ಕೆ ಆ ನಗರ ಬೇಸಿಗೆಯ ಯೋಜನೆ ಮಾಡಿತು. ಮುಂಚಿತ ಎಚ್ಚರಿಕೆ, ಡಾಕ್ಟರು ನರ್ಸುಗಳಿಗೆ ತರಬೇತಿ, ಕುಡಿಯುವ ನೀರು, ಮುಂದೆ ಬಡವರ ಮನೆ ತಾರಸಿಗೆ ಬಿಳಿ ಬಣ್ಣವೂ ಸೇರಿತು. ದಕ್ಷಿಣ ಏಷ್ಯಾದಲ್ಲಿ ಅಂಥದ್ದು ಅದೇ ಮೊದಲು. ಆಮೇಲೆ ಮಾಡಿದ ಅಂದಾಜಿನಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸಾವು ತಪ್ಪಿದೆ ಅಂತ ಬಂತು. ಇದನ್ನು ಹೇಳಿದ ಕಾರಣ ಏನೆಂದರೆ, ಅಲ್ಲಿ ಮೊದಲ ಹೆಜ್ಜೆಯೇ ಲೆಕ್ಕ. ಸತ್ತವರನ್ನು ಎಣಿಸಿದ ಮೇಲೆ ತಾನೇ ಯೋಜನೆಗೆ ದುಡ್ಡು ಕೇಳಲು ಆಗುವುದು?

ತೇಲುವ ದೋಣಿ:
ಲೆಕ್ಕ ಇಟ್ಟುಕೊಂಡು ಕೋರ್ಟಿಗೆ ಹೋದವರೂ ಇದ್ದಾರೆ. ಸ್ವಿಟ್ಜರ್ಲೆಂಡಿನ ಎರಡು ಸಾವಿರಕ್ಕೂ ಹೆಚ್ಚು ಅಜ್ಜಿಯರ ಸಂಘ, ಸರಾಸರಿ ವಯಸ್ಸು ಎಪ್ಪತ್ತಮೂರು! ಸೆಕೆಗೆ ಸಾಯುವವರಲ್ಲಿ ನಾವೇ ಜಾಸ್ತಿ, ಸರ್ಕಾರ ಸಾಕಷ್ಟು ಮಾಡುತ್ತಿಲ್ಲ ಅಂತ ಕೇಸು ಹಾಕಿದರು. 2024ರ ಏಪ್ರಿಲ್ 9ರಂದು ಯುರೋಪಿನ ಮಾನವ ಹಕ್ಕುಗಳ ಕೋರ್ಟು ಅವರ ಪರ ತೀರ್ಪು ಕೊಟ್ಟಿತು.

ಕಿಟಕಿ ಪಕ್ಕದವಳು:
ಅಜ್ಜಿಯರ ಸಂಘ! ನಮ್ಮ ಅಜ್ಜಿ ಇದ್ದಿದ್ದರೆ ಮೊದಲ ಸಾಲಿನಲ್ಲಿ ಇರುತ್ತಿದ್ದರು.

ಹಳೇ ಬೇರು:
ನರ್ಸಮ್ಮ, ಒಂದು ಕೇಳುತ್ತೇನೆ. ವಾದ ಬೇರೆ, ಇದು ಬೇರೆ. ಮೂತ್ರ ಹೆಚ್ಚಿಸುವ ಮಾತ್ರೆ ಅಂದಿರಲ್ಲ, ಬೆಳಿಗ್ಗೆ ಅರ್ಧ ತೆಗೆದುಕೊಳ್ಳುವುದು, ಅದೇನಾ? ಕಾಲು ಊತಕ್ಕೆ ಕೊಟ್ಟಿದ್ದಾರೆ. ಎರಡು ದಿನದಿಂದ ನಿಂತರೆ ತಲೆ ಸುತ್ತುತ್ತದೆ. ವಯಸ್ಸಿನದ್ದು ಅಂತ ಸುಮ್ಮನಿದ್ದೆ.

ರಾತ್ರಿಪಾಳಿ ನರ್ಸ್:
ಬಹುಶಃ ಅದೇ ಸರ್. ಮಾತ್ರೆ ನೀವೇ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರಿಗೆ ಈಗಲೇ ಫೋನ್ ಮಾಡಿ ಎರಡು ದಿನದ ತಲೆಸುತ್ತು ಅಂತ ಹೇಳಿ. ಮೂತ್ರ ಹೇಗಿದೆ, ಬಣ್ಣ ಗಾಢ ಇದೆಯಾ? ನೀರಿಗೆ ಮಿತಿ ಹೇಳಿದ್ದಾರಾ? ಮನೆಯಲ್ಲಿ ಜೊತೆಗೆ ಯಾರಿದ್ದಾರೆ?

ಹಳೇ ಬೇರು:
ಗಾಢ ಇದೆ. ಮಿತಿ ಏನೂ ಹೇಳಿಲ್ಲ. ಜೊತೆಗೆ ಯಾರೂ ಇಲ್ಲ. ಮಗ ದೂರ ಇದ್ದಾನೆ, ಭಾನುವಾರ ಫೋನ್ ಮಾಡುತ್ತಾನೆ.

ಕಿಟಕಿ ಪಕ್ಕದವಳು:
ಸರ್, ನಿಮ್ಮ ಕೋಣೆಯಲ್ಲಿ ಈಗ ಎಷ್ಟು ಡಿಗ್ರಿ ಇದೆ?

ಹಳೇ ಬೇರು:
ಗೋಡೆಗೆ ಒಂದು ಹಳೇ ಥರ್ಮಾಮೀಟರ್ ಇದೆ. ಕನ್ನಡಕ ತಂದು ನೋಡಿದೆ. 35. ಫ್ಯಾನ್ ಓಡುತ್ತಿದೆ. ಡಾಕ್ಟರಿಗೆ ಫೋನ್ ಮಾಡಿದೆ, ನೀರು ಮಜ್ಜಿಗೆ ಕುಡಿಯಿರಿ, ನಾಳೆಯ ಮಾತ್ರೆ ಬೇಡ, ಬೆಳಿಗ್ಗೆ ಬನ್ನಿ ಅಂದರು.

ರಾತ್ರಿಪಾಳಿ ನರ್ಸ್:
ಒಳ್ಳೆಯದಾಯಿತು. ಹೊರಗೆ ತಂಪಾಗಿದ್ದರೆ ಕಿಟಕಿ ತೆರೆಯಿರಿ. ಕುಡಿಯಿರಿ, ಒದ್ದೆ ಟವೆಲ್ ಕತ್ತಿಗೆ ಹಾಕಿಕೊಳ್ಳಿ, ಕಾಲು ಬಕೆಟ್‌ನಲ್ಲಿ ಇಡಿ. ಏಳುವಾಗ ಗಡಿಬಿಡಿ ಬೇಡ, ಕೂತು ಆಮೇಲೆ ಏಳಿ. ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿಡಿ, ಬಾಗಿಲಿಗೆ ಒಳಗಿನ ಚಿಲಕ ಹಾಕಬೇಡಿ. ಮಗನಿಗೆ ಭಾನುವಾರದವರೆಗೆ ಕಾಯಬೇಡಿ.

ಹಳೇ ಬೇರು:
ಕಾಲು ಬಕೆಟ್‌ನಲ್ಲಿದೆ. ಪಕ್ಕದ ಮನೆಯ ಹುಡುಗ ಬಂದಿದ್ದಾನೆ, ನನ್ನ ಪರವಾಗಿ ಅವನೇ ಟೈಪ್ ಮಾಡುತ್ತಿದ್ದಾನೆ. 37 ಶೇಕಡಾ ನಾನು ಇನ್ನೂ ಒಪ್ಪಿಲ್ಲ.

ಕಿಟಕಿ ಪಕ್ಕದವಳು:
ಒಪ್ಪಬೇಡಿ ಸರ್. ಬೆಳಿಗ್ಗೆ ಏಳಕ್ಕೆ ಇಲ್ಲಿ ಬಂದು ಮತ್ತೆ ಜಗಳ ಆಡಿ, ನಾನು ಕಾಯುತ್ತಿರುತ್ತೇನೆ.

ಹಳೇ ಬೇರು:
6.50. ಥರ್ಮಾಮೀಟರ್ 30. ಡಾಕ್ಟರ ಹತ್ತಿರ ಹೊರಟೆ.